ಪ್ರಮುಖ ವೀಕ್ಷಣಾಲಯಗಳ ಸಹಯೋಗದಲ್ಲಿ ಖಗೋಳ ಶಿಕ್ಷಣ: ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಖಗೋಳ ವೀಕ್ಷಣಾಲಯಗಳು ಸಾಮಾನ್ಯವಾಗಿ ಜನವಸತಿಯಿಂದ ದೂರದಲ್ಲಿ, ಎತ್ತರವಾದ ಹಾಗೂ ಕತ್ತಲೆಯಾದ ಸ್ಥಳಗಳಲ್ಲಿ ಸ್ಥಾಪಿತವಾಗಿವೆ. ಆದುದರಿಂದ ಇವು ವಿಜ್ಞಾನಿಗಳಿಗೆ ಮಾತ್ರ ಸಂಬಂಧಿಸಿದ ಸಂಸ್ಥೆಗಳೆಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದೆ. ವಾಸ್ತವವಾಗಿ ನಮ್ಮ ದೇಶದ ದೊಡ್ಡ ವೀಕ್ಷಣಾಲಯಗಳೆಲ್ಲವೂ ಸಾರ್ವಜನಿಕ ಹಣದಿಂದ ನಡೆಯುತ್ತಿವೆ. ಸಂಶೋಧನೆಯ ಜೊತೆಗೆ ಖಗೋಳ ಶಿಕ್ಷಣವನ್ನು ಶಾಲೆಗಳಿಗೂ ನಾಗರಿಕರಿಗೂ ತಲುಪಿಸುವುದು ಅವುಗಳ ಕಾರ್ಯದ ಒಂದು ಭಾಗವಾಗಿದೆ. ಈ ಕಾರ್ಯದಲ್ಲಿ ಅವು ಪರಸ್ಪರ ಸಹಕರಿಸುತ್ತಿವೆ.

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪಟ್ಟಣಗಳ ಶಾಲೆಗಳು, ಶಿಕ್ಷಕರು, ಪೋಷಕರು ಹಾಗೂ ಆಸಕ್ತ ನಾಗರಿಕರು ಈ ಸಹಯೋಗದ ಪ್ರಯೋಜನವನ್ನು ಹೇಗೆ ಪಡೆಯಬಹುದೆಂಬುದನ್ನು ವಿವರಿಸುವುದು ಈ ಪುಟದ ಉದ್ದೇಶವಾಗಿದೆ. ಈ ಭಾಗಕ್ಕೂ ವೀಕ್ಷಣಾಲಯಗಳಿಗೂ ಹಿಂದಿನಿಂದ ಇರುವ ಸಂಬಂಧವನ್ನು ಮೊದಲು ತಿಳಿಸಿ, ತರುವಾಯ ಇಂದಿನ ವ್ಯವಸ್ಥೆ, ಶಾಲೆಗಳು ಸ್ವತಃ ಮಾಡಬಹುದಾದ ಚಟುವಟಿಕೆ ಮತ್ತು ಮನವಿ ಸಲ್ಲಿಸುವ ಕ್ರಮವನ್ನು ನೀಡಲಾಗಿದೆ.

2. ವೀಕ್ಷಣಾಲಯಗಳು ಏಕೆ ಪರಸ್ಪರ ಸಹಕರಿಸುತ್ತವೆ?

ಭೂಮಿಯ ಯಾವುದೇ ಒಂದು ಸ್ಥಳದಿಂದ ಇಡೀ ಆಕಾಶವನ್ನು ಸದಾಕಾಲ ನೋಡಲು ಸಾಧ್ಯವಿಲ್ಲ. ಒಂದೆಡೆ ಹಗಲಾಗಿರುವಾಗ ಇನ್ನೊಂದೆಡೆ ರಾತ್ರಿ; ಒಂದೆಡೆ ಮೋಡ ಮುಸುಕಿರುವಾಗ ಇನ್ನೊಂದೆಡೆ ನಿರ್ಮಲ ಆಕಾಶ. ಉತ್ತರ ಗೋಳಾರ್ಧದವರಿಗೆ ಕಾಣದ ನಕ್ಷತ್ರಗಳು ದಕ್ಷಿಣದವರಿಗೆ ಕಾಣುತ್ತವೆ. ಆದುದರಿಂದ ಖಗೋಳ ವಿಜ್ಞಾನದಲ್ಲಿ ಸಹಕಾರವು ಅನಿವಾರ್ಯವಾಗಿದೆ.

ಇದಕ್ಕೆ ಹಳೆಯ ನಿದರ್ಶನವೊಂದು ನಮ್ಮ ಭಾಗಕ್ಕೆ ಸಂಬಂಧಿಸಿದೆ. ಆಕಾಶದ ಸಮಗ್ರ ಛಾಯಾಚಿತ್ರ ನಕ್ಷೆ ಹಾಗೂ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುವ ಯೋಜನೆಯೊಂದನ್ನು 1887ರಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ಖಗೋಳ ವಿಜ್ಞಾನಿಗಳ ಸಮ್ಮೇಳನವು ರೂಪಿಸಿತು. ಆಕಾಶವನ್ನು ಪಟ್ಟಿಗಳಾಗಿ ವಿಂಗಡಿಸಿ, ಜಗತ್ತಿನ ಸುಮಾರು 20 ವೀಕ್ಷಣಾಲಯಗಳಿಗೆ ಹಂಚಿಕೊಡಲಾಯಿತು. ದಕ್ಷಿಣ ಆಕಾಶದಲ್ಲಿ 17 ಡಿಗ್ರಿಯಿಂದ 23 ಡಿಗ್ರಿಯವರೆಗಿನ ಪಟ್ಟಿಯ ಕಾರ್ಯವನ್ನು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವು ವಹಿಸಿಕೊಂಡು, ಲಕ್ಷಾಂತರ ನಕ್ಷತ್ರಗಳ ಸ್ಥಾನಗಳನ್ನು ಅಳೆದು ಪ್ರಕಟಿಸಿತು. ನವಾಬ್ ಜಫರ್ ಜಂಗ್ ಅವರು 1901ರಲ್ಲಿ ಸ್ಥಾಪಿಸಿದ ಈ ವೀಕ್ಷಣಾಲಯವು 1908ರಲ್ಲಿ ನಿಜಾಮ್ ಸರ್ಕಾರದ ಅಧೀನಕ್ಕೆ ಬಂದಿತು. ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. 1956ರಲ್ಲಿ ರಾಜ್ಯ ಪುನರ್ವಿಂಗಡಣೆ ಆಗುವವರೆಗೆ ರಾಯಚೂರು ಜಿಲ್ಲೆಯು ಹೈದರಾಬಾದ್ ರಾಜ್ಯದ ಭಾಗವಾಗಿದ್ದುದರಿಂದ, ಅಂದು ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ಜನರಿಗೆ ಇದು ತಮ್ಮದೇ ರಾಜ್ಯದ ವೀಕ್ಷಣಾಲಯವಾಗಿತ್ತು.

ಇನ್ನೊಂದು ನಿದರ್ಶನವು 1977ರದು. ಆ ವರ್ಷದ ಮಾರ್ಚ್ 10ರಂದು ಯುರೇನಸ್ ಗ್ರಹವು ನಕ್ಷತ್ರವೊಂದರ ಮುಂದೆ ಹಾದುಹೋಯಿತು. ಅಮೆರಿಕದ ವಿಮಾನವೊಂದರಲ್ಲಿ ಅಳವಡಿಸಿದ್ದ ದೂರದರ್ಶಕ, ಆಸ್ಟ್ರೇಲಿಯಾದ ಪರ್ತ್ ಹಾಗೂ ತಮಿಳುನಾಡಿನ ಕಾವಲೂರು ವೀಕ್ಷಣಾಲಯಗಳು ಇದನ್ನು ವೀಕ್ಷಿಸಿದವು. ಗ್ರಹವು ನಕ್ಷತ್ರವನ್ನು ಮರೆಮಾಡುವ ಮುನ್ನ ಹಾಗೂ ನಂತರ ನಕ್ಷತ್ರದ ಬೆಳಕು ಹಲವು ಬಾರಿ ಕ್ಷಣಕಾಲ ಕುಂದಿತು. ಒಂದು ಸ್ಥಳದಲ್ಲಿ ಮಾತ್ರ ಹೀಗಾಗಿದ್ದರೆ ಉಪಕರಣದ ದೋಷವೆಂದು ಭಾವಿಸಬಹುದಾಗಿತ್ತು. ಬೇರೆ ಬೇರೆ ಸ್ಥಳಗಳ ದಾಖಲೆಗಳನ್ನು ಹೋಲಿಸಿದಾಗ ಯುರೇನಸ್ ಗ್ರಹಕ್ಕೆ ಉಂಗುರಗಳಿರುವುದು ದೃಢಪಟ್ಟಿತು.

3. 1980ರ ಫೆಬ್ರವರಿ 16: ರಾಯಚೂರಿನ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣ

1980ರ ಫೆಬ್ರವರಿ 16ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ಪಥವು ಆಫ್ರಿಕಾ ಖಂಡವನ್ನು ಹಾಗೂ ಅರಬ್ಬೀ ಸಮುದ್ರವನ್ನು ದಾಟಿ, ಉತ್ತರ ಕನ್ನಡದ ಕರಾವಳಿಯಲ್ಲಿ ಭಾರತವನ್ನು ಪ್ರವೇಶಿಸಿತು. ಅಲ್ಲಿಂದ ಗದಗ, ರಾಯಚೂರು ಭಾಗಗಳ ಮೂಲಕ ಈಶಾನ್ಯಕ್ಕೆ ಸಾಗಿ, ಒಡಿಶಾದ ಪುರಿ, ಕೋಣಾರ್ಕಗಳ ಕಡೆಗೆ ಹೋಯಿತು. ರಾಯಚೂರು ಮತ್ತು ಮಾನ್ವಿಗಳು ಪೂರ್ಣ ಗ್ರಹಣದ ಪಟ್ಟಿಯ ನಡುಭಾಗಕ್ಕೆ ಸಮೀಪದಲ್ಲಿದ್ದವು. ಅಪರಾಹ್ನ 3.45ರ ಸುಮಾರಿಗೆ, ಮೂರು ನಿಮಿಷಕ್ಕಿಂತ ಕಡಿಮೆ ಅವಧಿಗೆ, ಸೂರ್ಯನು ಸಂಪೂರ್ಣವಾಗಿ ಮರೆಯಾಗಿ ಅದರ ಹೊರವಲಯವಾದ ಕರೋನಾ ಗೋಚರಿಸಿತು.

ಫೆಬ್ರವರಿ ತಿಂಗಳಲ್ಲಿ ಈ ಭಾಗದ ಆಕಾಶವು ಸಾಮಾನ್ಯವಾಗಿ ನಿರ್ಮಲವಾಗಿರುವುದರಿಂದ ದೇಶವಿದೇಶಗಳ ವಿಜ್ಞಾನಿಗಳು ಈ ಪಥದಲ್ಲಿ ಶಿಬಿರಗಳನ್ನು ಸ್ಥಾಪಿಸಿದ್ದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಹುಬ್ಬಳ್ಳಿ ಸಮೀಪದ ಹೊಸೂರು ಹಾಗೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರಗಳನ್ನು ಹೂಡಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ್-ರಂಗಾಪುರ ವೀಕ್ಷಣಾಲಯವೂ ಇದೇ ಪಥದಲ್ಲಿದ್ದು, ಅಮೆರಿಕದ ತಂಡವೊಂದು ಅಲ್ಲಿಗೆ ಆಗಮಿಸಿತ್ತು.

ಇದೇ ದಿನದ ಮತ್ತೊಂದು ಮುಖವನ್ನು ಮರೆಯುವಂತಿಲ್ಲ. ಗ್ರಹಣವನ್ನು ನೋಡಿದರೆ ಕಣ್ಣಿಗೆ ಹಾನಿಯಾಗುವುದೆಂಬ ಎಚ್ಚರಿಕೆಯು ಎಲ್ಲೆಡೆ ಪ್ರಚಾರವಾಗಿತ್ತು. ಸುರಕ್ಷಿತವಾಗಿ ನೋಡುವ ವಿಧಾನವು ಅಷ್ಟೇ ಪ್ರಮಾಣದಲ್ಲಿ ಜನರಿಗೆ ತಲುಪಿರಲಿಲ್ಲ. ಪರಿಣಾಮವಾಗಿ ದೇಶದ ಅನೇಕ ಊರುಗಳಲ್ಲಿ ಜನರು ಬಾಗಿಲು ಕಿಟಕಿಗಳನ್ನು ಮುಚ್ಚಿ ಮನೆಯೊಳಗೇ ಉಳಿದರು, ರಸ್ತೆಗಳು ನಿರ್ಜನವಾದವು. ಸಾವಿರಾರು ಮೈಲಿ ದೂರದಿಂದ ಬಂದವರು ನೋಡಿದ ದೃಶ್ಯವನ್ನು ಪಥದಲ್ಲಿಯೇ ವಾಸವಾಗಿದ್ದ ಬಹುಸಂಖ್ಯೆಯ ಜನರು ನೋಡಲಿಲ್ಲ. ಒಂದೇ ಸ್ಥಳದಲ್ಲಿ ಪೂರ್ಣ ಸೂರ್ಯಗ್ರಹಣವು ಮತ್ತೆ ಸಂಭವಿಸಲು ಸರಾಸರಿ ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷಗಳು ಬೇಕಾಗುತ್ತವೆ.

ವೀಕ್ಷಣಾಲಯಗಳು ಊರಿಗೆ ಬಂದರೂ ಊರಿನ ಜನರು ಭಾಗವಹಿಸದಿದ್ದಲ್ಲಿ ಜ್ಞಾನವು ಅಲ್ಲಿ ನೆಲೆಯೂರುವುದಿಲ್ಲ ಎಂಬುದು ಈ ಅನುಭವದಿಂದ ತಿಳಿಯುವ ಪಾಠ. 1995ರ ಅಕ್ಟೋಬರ್ 24ರ ಗ್ರಹಣದ ವೇಳೆಗೆ ವಿಜ್ಞಾನಿಗಳು ಹಾಗೂ ವಿಜ್ಞಾನ ಸಂಘಟನೆಗಳು ಸುರಕ್ಷಿತ ವೀಕ್ಷಣೆಯ ಬಗ್ಗೆ ವ್ಯಾಪಕ ಪ್ರಚಾರ ಕೈಗೊಂಡ ಕಾರಣ, ಅನೇಕ ಜನರು ಹೊರಬಂದು ವೀಕ್ಷಿಸಿದರು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ಕಾಸರಗೋಡು ಜಿಲ್ಲೆಯ ಚೆರುವತ್ತೂರು ಹಾಗೂ ಕೊಡಗಿನ ಭಾಗಗಳಲ್ಲಿ ಜನರು ಗುಂಪುಗೂಡಿ ವೀಕ್ಷಿಸಿದರು.

4. ವೀಕ್ಷಣಾಲಯದ ಸಮೀಪ ಬೆಳೆದ ಬಾಲಕ

1980ರ ಗ್ರಹಣದ ಕಾಲದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಡಾ. ಎಂ.ಕೆ. ವೈನು ಬಾಪು (1927–1982). ಇವರ ತಂದೆಯವರು ಮೇಲೆ ತಿಳಿಸಿದ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿ ಸೇವೆ ಸಲ್ಲಿಸುತ್ತಿದ್ದರು. ಬಾಲ್ಯದಲ್ಲಿಯೇ ದೂರದರ್ಶಕದ ಒಡನಾಟ ದೊರೆತ ಬಾಪು ಅವರು ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಉನ್ನತ ಶಿಕ್ಷಣಕ್ಕಾಗಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1949ರಲ್ಲಿ ಅವರು ಸಹ ಸಂಶೋಧಕರೊಂದಿಗೆ ಪತ್ತೆಹಚ್ಚಿದ ಧೂಮಕೇತುವಿಗೆ ಬಾಪು-ಬಾಕ್-ನ್ಯೂಕರ್ಕ್ ಎಂಬ ಹೆಸರಿದೆ. ಮುಂದೆ ಕಾವಲೂರು ವೀಕ್ಷಣಾಲಯವನ್ನು ಕಟ್ಟಿ ಬೆಳೆಸಿದ ಅವರು, 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಕಾವಲೂರು ವೀಕ್ಷಣಾಲಯಕ್ಕೂ ಅಲ್ಲಿ 1986ರಲ್ಲಿ ಉದ್ಘಾಟನೆಗೊಂಡ 2.3 ಮೀಟರ್ ದೂರದರ್ಶಕಕ್ಕೂ ಅವರ ಹೆಸರನ್ನೇ ಇಡಲಾಗಿದೆ.

ಬಾಲಕ ಬಾಪುವಿಗೆ ವೀಕ್ಷಣಾಲಯವು ತಂದೆಯ ಉದ್ಯೋಗದ ಕಾರಣದಿಂದ ಹತ್ತಿರವಾಯಿತು. ದೇವದುರ್ಗದ ಅಥವಾ ಮಾನ್ವಿಯ ವಿದ್ಯಾರ್ಥಿಗೆ ಆ ಅವಕಾಶವು ತಾನಾಗಿ ಒದಗುವುದಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಗುರುತಿಸಿತ್ತು. ಇಂತಹ ಕಡೆಗಳಿಗೆ ಅವಕಾಶವನ್ನು ತಲುಪಿಸುವುದೇ ಖಗೋಳ ಶಿಕ್ಷಣದ ಸಹಯೋಗಗಳ ಮುಖ್ಯ ಹೊಣೆಯಾಗಿದೆ.

5. ಅಂತರರಾಷ್ಟ್ರೀಯ ಮಟ್ಟದ ಸಹಯೋಗ

ಗೆಲಿಲಿಯೋ ದೂರದರ್ಶಕದ ಮೂಲಕ ಆಕಾಶವನ್ನು ನೋಡಿ 400 ವರ್ಷಗಳು ಪೂರೈಸಿದ ಸಂದರ್ಭದಲ್ಲಿ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮತ್ತು ಯುನೆಸ್ಕೋ ಸಂಸ್ಥೆಗಳ ಉಪಕ್ರಮದಿಂದ 2009ನೇ ವರ್ಷವನ್ನು ಅಂತರರಾಷ್ಟ್ರೀಯ ಖಗೋಳ ವರ್ಷವಾಗಿ ಆಚರಿಸಲಾಯಿತು. ಆ ವರ್ಷದ ಏಪ್ರಿಲ್ 2ರಿಂದ 5ರವರೆಗೆ ನಡೆದ "ಖಗೋಳದ 100 ಗಂಟೆಗಳು" ಕಾರ್ಯಕ್ರಮದ ಅಂಗವಾಗಿ, ಜಗತ್ತಿನ 80 ವೀಕ್ಷಣಾಲಯಗಳು ಸರದಿಯಂತೆ 24 ಗಂಟೆಗಳ ಕಾಲ ಅಂತರಜಾಲದ ಮೂಲಕ ತಮ್ಮ ಕಾರ್ಯವನ್ನು ನೇರವಾಗಿ ಸಾರ್ವಜನಿಕರಿಗೆ ತೋರಿಸಿದವು. ಜರ್ಮನಿಯಲ್ಲಿರುವ ಐರೋಪ್ಯ ದಕ್ಷಿಣ ವೀಕ್ಷಣಾಲಯದ ಕೇಂದ್ರ ಕಚೇರಿಯಿಂದ ಇದನ್ನು ಸಂಯೋಜಿಸಲಾಗಿತ್ತು. ದಕ್ಷಿಣ ಧ್ರುವದ ದೂರದರ್ಶಕವೂ ಇದರಲ್ಲಿ ಭಾಗವಹಿಸಿತ್ತು.

ಆ ವರ್ಷದ ಅನುಭವದ ನಂತರ ಒಕ್ಕೂಟವು ಈ ಕಾರ್ಯಕ್ಕೆ ಶಾಶ್ವತ ಕಚೇರಿಗಳನ್ನು ತೆರೆಯಿತು. ಅಭಿವೃದ್ಧಿಗಾಗಿ ಖಗೋಳ ವಿಜ್ಞಾನವನ್ನು ಬಳಸುವ ಕಚೇರಿಯು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿಯೂ, ಜನಸಂಪರ್ಕ ಕಚೇರಿಯು ಜಪಾನಿನ ರಾಷ್ಟ್ರೀಯ ವೀಕ್ಷಣಾಲಯದಲ್ಲಿಯೂ, ಶಿಕ್ಷಣ ಕಚೇರಿಯು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿಯೂ ಇವೆ. ಶಿಕ್ಷಣ ಕಚೇರಿಯ ಭಾರತ ಕೇಂದ್ರವು ಪುಣೆಯ ಅಯೂಕಾ ಸಂಸ್ಥೆಯಲ್ಲಿದೆ. ಶಿಕ್ಷಕರ ತರಬೇತಿ ಹಾಗೂ ತರಗತಿಗೆ ಸೂಕ್ತವಾದ ಬೋಧನಾ ಸಾಮಗ್ರಿಯ ತಯಾರಿಕೆ ಇದರ ಮುಖ್ಯ ಕಾರ್ಯಗಳು.

6. ಭಾರತದ ಸಂಸ್ಥೆಗಳು ಮತ್ತು ಅವುಗಳ ಜನಸಂಪರ್ಕ

ಭಾರತದ ವೃತ್ತಿನಿರತ ಖಗೋಳ ವಿಜ್ಞಾನಿಗಳ ಸಂಘವಾದ ಭಾರತೀಯ ಖಗೋಳ ಸೊಸೈಟಿಯು 1972ರಲ್ಲಿ ಸ್ಥಾಪನೆಯಾಗಿದ್ದು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿದೆ. ಇದರ ಜನಸಂಪರ್ಕ ಮತ್ತು ಶಿಕ್ಷಣ ಸಮಿತಿಯು ವಿವಿಧ ವೀಕ್ಷಣಾಲಯಗಳ ವಿಜ್ಞಾನಿಗಳನ್ನು ಒಂದೆಡೆ ಸೇರಿಸಿ, ಗ್ರಹಣ ಮುಂತಾದ ಸಂದರ್ಭಗಳಲ್ಲಿ ದೇಶದಾದ್ಯಂತ ಸಮಾನ ಮಾಹಿತಿಯನ್ನು ಒದಗಿಸುತ್ತದೆ. ಈ ಕಾರ್ಯದಲ್ಲಿ ತೊಡಗಿರುವ ಪ್ರಮುಖ ಸಂಸ್ಥೆಗಳ ವಿವರ ಈ ಕೆಳಕಂಡಂತಿದೆ.

(ಅ) ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಬೆಂಗಳೂರು: 1899ರಲ್ಲಿ ಸ್ಥಾಪಿತವಾದ ಕೊಡೈಕನಾಲ್ ಸೌರ ವೀಕ್ಷಣಾಲಯ, ಕಾವಲೂರಿನ ವೈನು ಬಾಪು ವೀಕ್ಷಣಾಲಯ, ಗೌರಿಬಿದನೂರಿನ ರೇಡಿಯೊ ಕೇಂದ್ರ ಮತ್ತು ಲಡಾಖಿನ ಹಾನ್ಲೆ ವೀಕ್ಷಣಾಲಯಗಳು ಇದರ ವ್ಯಾಪ್ತಿಯಲ್ಲಿವೆ. ಸುಮಾರು 4,500 ಮೀಟರ್ ಎತ್ತರದ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಬೆಂಗಳೂರು ಸಮೀಪದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸಲಾಗುತ್ತದೆ. ಕಾವಲೂರಿನಲ್ಲಿ ಶನಿವಾರಗಳಂದು ಸಾರ್ವಜನಿಕರ ವೀಕ್ಷಣೆಗೆ ಅವಕಾಶ ಕಲ್ಪಿಸುವ ವಾಡಿಕೆಯಿದೆ. ಹವಾಮಾನಕ್ಕೆ ಅನುಗುಣವಾಗಿ ಇದು ಬದಲಾಗುವುದರಿಂದ, ಹೊರಡುವ ಮುನ್ನ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳುವುದು.

(ಆ) ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರ ಮತ್ತು ಅಯೂಕಾ, ಪುಣೆ: ಮಹಾರಾಷ್ಟ್ರದ ಖೋಡದ ಸಮೀಪ, ತಲಾ 45 ಮೀಟರ್ ವ್ಯಾಸದ 30 ಆಂಟೆನಾಗಳುಳ್ಳ ರೇಡಿಯೊ ದೂರದರ್ಶಕವನ್ನು ಈ ಕೇಂದ್ರವು ನಡೆಸುತ್ತಿದೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಸಂದರ್ಭದಲ್ಲಿ ಅಲ್ಲಿ ನಡೆಯುವ ಪ್ರದರ್ಶನದಲ್ಲಿ ಗ್ರಾಮೀಣ ಶಾಲೆಗಳ ಮಕ್ಕಳೂ ತಮ್ಮ ಮಾದರಿಗಳನ್ನು ಪ್ರದರ್ಶಿಸುತ್ತಾರೆ.

(ಇ) ಆರ್ಯಭಟ ವೀಕ್ಷಣ ವಿಜ್ಞಾನ ಸಂಶೋಧನಾ ಸಂಸ್ಥೆ, ನೈನಿತಾಲ್: ದೇವಸ್ಥಲದಲ್ಲಿ 2016ರಲ್ಲಿ ಕಾರ್ಯಾರಂಭಗೊಂಡ 3.6 ಮೀಟರ್ ದೂರದರ್ಶಕವು ಈ ಸಂಸ್ಥೆಯದಾಗಿದೆ.

(ಈ) ಸಮೀಪದ ವಿಜ್ಞಾನ ಕೇಂದ್ರಗಳು: ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ, ಹೈದರಾಬಾದಿನ ಬಿರ್ಲಾ ತಾರಾಲಯ ಹಾಗೂ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ. ಕನ್ನಡದಲ್ಲಿ ವಿಜ್ಞಾನ ಪ್ರಸಾರಕ್ಕಾಗಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕಾರ್ಯನಿರ್ವಹಿಸುತ್ತಿದೆ.

ಹಾನ್ಲೆಯ ಒಂದು ಪ್ರಯೋಗವು ನಮ್ಮ ಗ್ರಾಮಗಳಿಗೂ ಮಾದರಿಯಾಗಬಲ್ಲದು. ಅಲ್ಲಿ 2022ರಲ್ಲಿ ವೀಕ್ಷಣಾಲಯದ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಸುತ್ತಲಿನ ಹಳ್ಳಿಗಳ 24 ನಿವಾಸಿಗಳಿಗೆ ದೂರದರ್ಶಕಗಳನ್ನು ನೀಡಿ, ಪ್ರವಾಸಿಗರಿಗೆ ಆಕಾಶವನ್ನು ಪರಿಚಯಿಸುವ ತರಬೇತಿ ಕೊಡಲಾಯಿತು. ಆಕಾಶದ ಜ್ಞಾನವು ಹಳ್ಳಿಯವರ ಜೀವನೋಪಾಯಕ್ಕೂ ಆಧಾರವಾಗಬಹುದೆಂಬುದನ್ನು ಇದು ತೋರಿಸುತ್ತದೆ.

7. ಮೂರು ಊರುಗಳ ಶಾಲೆಗಳು ಕೂಡಿ ಮಾಡಬಹುದಾದ ಚಟುವಟಿಕೆ

ವೀಕ್ಷಣಾಲಯಗಳ ಸಹಯೋಗದ ಅರ್ಥವನ್ನು ಮಕ್ಕಳು ಸ್ವಂತ ಅನುಭವದಿಂದ ತಿಳಿಯಲು ದೂರದರ್ಶಕದ ಅಗತ್ಯವಿಲ್ಲ. ಒಂದು ನೇರವಾದ ಕೋಲು ಸಾಕು. ಕರ್ಕಾಟಕ ಹಾಗೂ ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಇದನ್ನು ಶೂನ್ಯ ನೆರಳಿನ ದಿನವೆಂದು ಕರೆಯುತ್ತಾರೆ.

ಮಾನ್ವಿಯು ಸುಮಾರು 15 ಡಿಗ್ರಿ 59 ನಿಮಿಷ, ರಾಯಚೂರು 16 ಡಿಗ್ರಿ 12 ನಿಮಿಷ ಹಾಗೂ ದೇವದುರ್ಗವು 16 ಡಿಗ್ರಿ 25 ನಿಮಿಷ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳಲ್ಲಿ ಸೂರ್ಯನು ಉತ್ತರಕ್ಕೆ ಸರಿಯುತ್ತಿರುವುದರಿಂದ ಈ ದಿನವು ಮೊದಲು ಮಾನ್ವಿಗೆ (ಮೇ 4ರ ಸುಮಾರಿಗೆ), ನಂತರ ರಾಯಚೂರಿಗೆ (ಮೇ 5), ಆಮೇಲೆ ದೇವದುರ್ಗಕ್ಕೆ (ಮೇ 6) ಬರುತ್ತದೆ. ಆಗಸ್ಟ್ ತಿಂಗಳಲ್ಲಿ ಸೂರ್ಯನು ದಕ್ಷಿಣಕ್ಕೆ ಮರಳುವಾಗ ಕ್ರಮವು ತಿರುಗುಮುರುಗಾಗಿ ದೇವದುರ್ಗಕ್ಕೆ ಆಗಸ್ಟ್ 7, ರಾಯಚೂರಿಗೆ 8 ಮತ್ತು ಮಾನ್ವಿಗೆ 9ರ ಸುಮಾರಿಗೆ ಬರುತ್ತದೆ. ರಾಯಚೂರಿನಲ್ಲಿ ನೆರಳು ಅತಿ ಗಿಡ್ಡವಾಗುವ ಸಮಯವು ಮೇ ತಿಂಗಳಲ್ಲಿ 12 ಗಂಟೆ 17 ನಿಮಿಷ, ಆಗಸ್ಟ್ ತಿಂಗಳಲ್ಲಿ 12 ಗಂಟೆ 26 ನಿಮಿಷದ ಆಸುಪಾಸು. ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುವುದರಿಂದ, ಮೋಡದ ಸಾಧ್ಯತೆ ಇದ್ದರೂ ಆಗಸ್ಟ್ ತಿಂಗಳೇ ಶಾಲೆಗಳಿಗೆ ಅನುಕೂಲ.

ಮೂರು ಊರುಗಳ ಶಾಲೆಗಳು ಒಂದು ವಾರ ಪ್ರತಿದಿನ ಒಂದು ಮೀಟರ್ ಉದ್ದದ ಕೋಲಿನ ನೆರಳನ್ನು ಅಳೆದು ದಾಖಲಿಸಿ, ಪರಸ್ಪರ ವಿನಿಮಯ ಮಾಡಿಕೊಂಡಲ್ಲಿ ಸೂರ್ಯನ ಚಲನೆಯು ಊರಿನಿಂದ ಊರಿಗೆ ಗೋಚರವಾಗುತ್ತದೆ. ಸೂರ್ಯಬಿಂಬದ ಅಗಲವು ಅರ್ಧ ಡಿಗ್ರಿಯಷ್ಟಿರುವುದರಿಂದ ನೆರಳಿನ ಅಂಚು ಸ್ವಲ್ಪ ಮಸುಕಾಗಿರುತ್ತದೆ. ಒಂದು ದಿನದ ವ್ಯತ್ಯಾಸವು ಕೋಲಿನ ನೆರಳಿನಲ್ಲಿ ಕೇವಲ 5 ಮಿಲಿಮೀಟರ್‌ನಷ್ಟು. ಆದ್ದರಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಲು ಇನ್ನೂ ದೂರದ ಜೊತೆಗಾರ ಶಾಲೆಯೊಂದು ಬೇಕು. ಬೆಂಗಳೂರು ರಾಯಚೂರಿಗೆ ಬಹುತೇಕ ನೇರ ದಕ್ಷಿಣದಲ್ಲಿರುವುದು ಇಲ್ಲಿ ಅನುಕೂಲಕರ. ರಾಯಚೂರಿನಲ್ಲಿ ನೆರಳು ಇಲ್ಲದ ದಿನ ಬೆಂಗಳೂರಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಸುಮಾರು 5.6 ಸೆಂಟಿಮೀಟರ್ ಇರುತ್ತದೆ. ಇದರಿಂದ ಎರಡು ನಗರಗಳ ನಡುವಿನ ಕೋನ 3.2 ಡಿಗ್ರಿಯೆಂದು ತಿಳಿಯುತ್ತದೆ. ನಕ್ಷೆಯಲ್ಲಿ ಇವುಗಳ ಉತ್ತರ-ದಕ್ಷಿಣ ಅಂತರವು ಸುಮಾರು 358 ಕಿಲೋಮೀಟರ್. ಒಂದು ಸುತ್ತು 360 ಡಿಗ್ರಿಯಾದುದರಿಂದ ಭೂಮಿಯ ಸುತ್ತಳತೆಯು ಸುಮಾರು 40,000 ಕಿಲೋಮೀಟರ್ ಎಂದು ಮಕ್ಕಳೇ ಕಂಡುಕೊಳ್ಳಬಹುದು. ಈಜಿಪ್ಟಿನಲ್ಲಿ ಎರಟೋಸ್ತನೀಸ್ ಎಂಬ ವಿದ್ವಾಂಸನು 2,200 ವರ್ಷಗಳ ಹಿಂದೆ ಅನುಸರಿಸಿದ ವಿಧಾನವೂ ಇದೇ ತತ್ವದ್ದು.

ರೈತ ಕುಟುಂಬಗಳ ಮಕ್ಕಳಿಗೆ ಮಳೆ ನಕ್ಷತ್ರಗಳ ಹೆಸರುಗಳು ಮನೆಯಲ್ಲಿಯೇ ಪರಿಚಿತ. ಮೃಗಶಿರ ಮಳೆ ಎಂದರೆ ಸೂರ್ಯನು ಮೃಗಶಿರ ನಕ್ಷತ್ರದ ಭಾಗದಲ್ಲಿರುವ ಅವಧಿ. ಅದು ಜೂನ್ ತಿಂಗಳ ಮೊದಲ ಭಾಗದಲ್ಲಿ ಆರಂಭವಾಗುತ್ತದೆ. ಆಗ ಆ ನಕ್ಷತ್ರವು ಸೂರ್ಯನ ಜೊತೆಯಲ್ಲಿಯೇ ಮೂಡಿ ಮುಳುಗುವುದರಿಂದ ಕಾಣಿಸುವುದಿಲ್ಲ. ಡಿಸೆಂಬರ್ ಹಾಗೂ ಜನವರಿ ರಾತ್ರಿಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಹಿರಿಯರಿಂದ ಕೇಳಿದ ಹೆಸರನ್ನು ಆಕಾಶದಲ್ಲಿ ಗುರುತಿಸಿ ತೋರಿಸುವುದರಿಂದ ಪಾಠವು ಸುಲಭವಾಗಿ ಮನಸ್ಸಿಗೆ ನಾಟುತ್ತದೆ.

8. ಮನವಿ ಸಲ್ಲಿಸುವವರು ಅನುಸರಿಸಬೇಕಾದ ಕ್ರಮ

ಶಾಲೆಗೆ ಉಪನ್ಯಾಸಕರನ್ನು ಆಹ್ವಾನಿಸಲು, ದೂರದರ್ಶಕದ ಮೂಲಕ ಆಕಾಶ ವೀಕ್ಷಣಾ ಕಾರ್ಯಕ್ರಮವನ್ನು ಏರ್ಪಡಿಸಲು ಅಥವಾ ವೀಕ್ಷಣಾಲಯಕ್ಕೆ ಭೇಟಿ ನೀಡಲು ಇಚ್ಛಿಸುವವರು ಸಂಬಂಧಿಸಿದ ಸಂಸ್ಥೆಯ ಜನಸಂಪರ್ಕ ವಿಭಾಗಕ್ಕೆ ಲಿಖಿತ ಮನವಿಯನ್ನು ಸಲ್ಲಿಸುವುದು ಸೂಕ್ತ. ಮನವಿಯಲ್ಲಿ ಈ ಕೆಳಕಂಡ ಅಂಶಗಳಿರಲಿ.

(ಅ) ಶಾಲೆಯ ಅಥವಾ ಸಂಘದ ಹೆಸರು, ಪೂರ್ಣ ವಿಳಾಸ, ಮುಖ್ಯೋಪಾಧ್ಯಾಯರ ಅಥವಾ ಅಧ್ಯಕ್ಷರ ಸಹಿ ಮತ್ತು ಮೊಹರು.

(ಆ) ಭಾಗವಹಿಸುವ ವಿದ್ಯಾರ್ಥಿಗಳ ಸಂಖ್ಯೆ, ತರಗತಿ ಹಾಗೂ ಬೋಧನಾ ಮಾಧ್ಯಮ. ಕಾರ್ಯಕ್ರಮವು ಕನ್ನಡದಲ್ಲಿಯೇ ನಡೆಯಬೇಕೆಂಬ ಕೋರಿಕೆಯನ್ನು ಸ್ಪಷ್ಟವಾಗಿ ನಮೂದಿಸುವುದು.

(ಇ) ಅನುಕೂಲಕರವಾದ ಎರಡು ಮೂರು ದಿನಾಂಕಗಳು. ರಾತ್ರಿಯ ವೀಕ್ಷಣೆಗೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಉತ್ತಮ. ಚಂದ್ರನ ಕುಳಿಗಳನ್ನು ನೋಡಲು ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯ ಸುಮಾರಿನ ಸಂಜೆಗಳನ್ನೂ, ನಕ್ಷತ್ರಪುಂಜಗಳಿಗೆ ಅಮಾವಾಸ್ಯೆಯ ಸಮೀಪದ ರಾತ್ರಿಗಳನ್ನೂ ಆರಿಸಿಕೊಳ್ಳುವುದು.

(ಈ) ಸ್ಥಳದ ವಿವರ: ಬಯಲು ಮೈದಾನ, ವಿದ್ಯುತ್ ಸಂಪರ್ಕ, ಸುತ್ತಲಿನ ದೀಪಗಳನ್ನು ಆರಿಸುವ ಸೌಲಭ್ಯ, ಕುಡಿಯುವ ನೀರು, ಹೆಣ್ಣುಮಕ್ಕಳು ರಾತ್ರಿ ಸುರಕ್ಷಿತವಾಗಿ ಮನೆ ತಲುಪುವ ವ್ಯವಸ್ಥೆ.

(ಉ) ಹತ್ತಿರದ ಶಾಲೆಗಳು ಕೂಡಿ ಸಲ್ಲಿಸುವ ಜಂಟಿ ಮನವಿ. ದೂರದಿಂದ ಬರುವ ತಂಡವು ಒಂದೇ ಪ್ರಯಾಣದಲ್ಲಿ ರಾಯಚೂರು, ಮಾನ್ವಿ ಮತ್ತು ದೇವದುರ್ಗಗಳಲ್ಲಿ ಕಾರ್ಯಕ್ರಮ ನೀಡಲು ಇದರಿಂದ ಅನುಕೂಲವಾಗುವುದು.

ಮಕ್ಕಳನ್ನು ಜಿಲ್ಲೆಯ ಅಥವಾ ರಾಜ್ಯದ ಹೊರಗೆ ಕರೆದೊಯ್ಯುವಾಗ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲಕ ಪೂರ್ವಾನುಮತಿಯನ್ನೂ ಪೋಷಕರ ಲಿಖಿತ ಒಪ್ಪಿಗೆಯನ್ನೂ ಪಡೆಯುವುದು. ಮನವಿಯ ಪ್ರತಿಯನ್ನು ಇರಿಸಿಕೊಳ್ಳುವುದು. ಉತ್ತರ ಬಾರದಿದ್ದಲ್ಲಿ ನಿರಾಶರಾಗದೆ ಮರುಪತ್ರ ಬರೆಯುವುದು.

9. ಸುರಕ್ಷತಾ ಸೂಚನೆಗಳು

2027ರ ಆಗಸ್ಟ್ 2ರಂದು ಸಂಭವಿಸುವ ಸೂರ್ಯಗ್ರಹಣವು ಸ್ಪೇನ್, ಈಜಿಪ್ಟ್, ಸೌದಿ ಅರೇಬಿಯಾ ಮುಂತಾದ ದೇಶಗಳಲ್ಲಿ ಪೂರ್ಣವಾಗಿಯೂ, ನಮ್ಮ ಭಾಗದಲ್ಲಿ ಸಂಜೆಯ ಹೊತ್ತಿಗೆ ಭಾಗಶಃವೂ ಗೋಚರಿಸುವುದು. 2031ರ ಮೇ 21ರ ಕಂಕಣ ಗ್ರಹಣದ ಪಥವು ಕೇರಳ, ತಮಿಳುನಾಡುಗಳ ಮೂಲಕ ಹಾದುಹೋಗಲಿದ್ದು, ರಾಯಚೂರಿನಲ್ಲಿ ಅದು ಭಾಗಶಃ ಕಾಣುವುದು. ಈ ಸಂದರ್ಭಗಳಲ್ಲಿ ಸಾರ್ವಜನಿಕರು ಈ ಕೆಳಗಿನ ಸೂಚನೆಗಳನ್ನು ತಪ್ಪದೆ ಪಾಲಿಸಬೇಕು.

• ಸೂರ್ಯನನ್ನು ಬರಿಗಣ್ಣಿನಿಂದ ಎಂದಿಗೂ ನೋಡಬಾರದು. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕಗಳು ಸುರಕ್ಷಿತವಲ್ಲ.
• ಐಎಸ್‌ಒ 12312-2 ಮಾನದಂಡಕ್ಕೆ ಅನುಗುಣವಾದ ಗ್ರಹಣ ಕನ್ನಡಕವನ್ನು ಮಾತ್ರ ಬಳಸುವುದು. ಗೀರು ಅಥವಾ ತೂತು ಬಿದ್ದ ಕನ್ನಡಕವನ್ನು ಬಳಸಬಾರದು.
• ಗ್ರಹಣ ಕನ್ನಡಕ ಧರಿಸಿಕೊಂಡು ದುರ್ಬೀನು ಅಥವಾ ದೂರದರ್ಶಕದಲ್ಲಿ ಸೂರ್ಯನನ್ನು ನೋಡಬಾರದು.
• ರಟ್ಟಿನಲ್ಲಿ ಸಣ್ಣ ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಹಾಳೆಯ ಮೇಲೆ ಬಿಂಬವನ್ನು ಮೂಡಿಸುವುದು ಅತ್ಯಂತ ಸುರಕ್ಷಿತ ಹಾಗೂ ಖರ್ಚಿಲ್ಲದ ವಿಧಾನ. ಬೇವಿನ ಮರದ ಎಲೆಗಳ ಸಂದಿನಿಂದ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳಲ್ಲಿಯೂ ಗ್ರಹಣದ ಆಕಾರ ಕಾಣುವುದು.
• ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡುವುದರಿಂದ ಯಾವುದೇ ಹಾನಿಯಿಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗ್ರಹಣದ ಸಮಯದಲ್ಲಿ ಆಹಾರ ಸೇವಿಸಬಹುದೇ? ಗರ್ಭಿಣಿಯರು ಹೊರಗೆ ಬರಬಹುದೇ?
ಉತ್ತರ: ಗ್ರಹಣವು ನೆರಳಿನ ಆಟ. ಅದರಿಂದ ಆಹಾರಕ್ಕಾಗಲಿ, ಗರ್ಭಸ್ಥ ಶಿಶುವಿಗಾಗಲಿ ತೊಂದರೆಯಾಗುವುದಿಲ್ಲ. ಕಣ್ಣಿನ ರಕ್ಷಣೆಯ ನಿಯಮಗಳು ಎಲ್ಲರಿಗೂ ಸಮಾನ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ದೂರದರ್ಶಕವಿಲ್ಲ. ಖಗೋಳ ಸಂಘವನ್ನು ಆರಂಭಿಸಬಹುದೇ?
ಉತ್ತರ: ಆರಂಭಿಸಬಹುದು. ನೆರಳಿನ ಅಳತೆ, ಚಂದ್ರನ ಕಲೆಗಳ ದೈನಂದಿನ ದಾಖಲೆ ಹಾಗೂ ನಕ್ಷತ್ರಪುಂಜಗಳ ಗುರುತಿಸುವಿಕೆಗೆ ದೂರದರ್ಶಕ ಬೇಕಿಲ್ಲ.

ಪ್ರಶ್ನೆ: ಸಣ್ಣ ಪಟ್ಟಣದಲ್ಲಿರುವುದರಿಂದ ನಮಗೆ ಅನಾನುಕೂಲವೇ?
ಉತ್ತರ: ಆಕಾಶ ವೀಕ್ಷಣೆಗೆ ಅದೇ ಅನುಕೂಲ. ಮಹಾನಗರಗಳ ದೀಪಗಳಿಂದ ಮಸುಕಾಗಿರುವ ಆಕಾಶಗಂಗೆಯನ್ನು, ಚಂದ್ರನಿಲ್ಲದ ನಿರ್ಮಲ ರಾತ್ರಿಯಲ್ಲಿ, ದೇವದುರ್ಗ ಮತ್ತು ಮಾನ್ವಿಯ ಹೊರವಲಯದ ಹೊಲಗಳಿಂದ ಇಂದಿಗೂ ಕಾಣಬಹುದು. ಅನಗತ್ಯ ದೀಪಗಳನ್ನು ಆರಿಸಿ, ಬೀದಿ ದೀಪಗಳ ಬೆಳಕು ನೆಲದ ಕಡೆಗೆ ಮಾತ್ರ ಬೀಳುವಂತೆ ನೋಡಿಕೊಂಡಲ್ಲಿ ಈ ಸಂಪತ್ತು ಮುಂದಿನ ಪೀಳಿಗೆಗೂ ಉಳಿಯುವುದು.

11. ಮುಕ್ತಾಯ

1980ರಲ್ಲಿ ವಿಜ್ಞಾನಿಗಳು ತಾವಾಗಿಯೇ ಈ ಜಿಲ್ಲೆಗೆ ಬಂದಿದ್ದರು. ಇಂದು ವೀಕ್ಷಣಾಲಯಗಳು ಪರಸ್ಪರ ಕೈಜೋಡಿಸಿ ಶಿಕ್ಷಣಕ್ಕೆ ಸಂಬಂಧಿಸಿದ ವ್ಯವಸ್ಥೆಯನ್ನು ಸಿದ್ಧಪಡಿಸಿವೆ. ಅವರನ್ನು ಕರೆಯುವ ಕೆಲಸ ಊರಿನವರದು. ಶಾಲೆಯೊಂದು ಬರೆಯುವ ಒಂದು ಪತ್ರ, ಅಂಗಳದಲ್ಲಿ ನೆಡುವ ಒಂದು ಕೋಲು, ಗ್ರಹಣದ ದಿನ ಮಕ್ಕಳನ್ನು ಸುರಕ್ಷಿತವಾಗಿ ಹೊರಗೆ ಕರೆತರುವ ಒಬ್ಬ ಶಿಕ್ಷಕರು ಅಥವಾ ಪೋಷಕರು, ಇಷ್ಟರಿಂದಲೇ ಈ ಸಹಯೋಗವು ನಮ್ಮ ಊರುಗಳಲ್ಲಿ ಆರಂಭವಾಗಬಲ್ಲದು.

ರಾಯಚೂರು, ದೇವದುರ್ಗ ಹಾಗೂ ಮಾನ್ವಿಯ ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.